ಕೆಂಪು ನೌಕೆಯ ಮಾವನವರಿಗೆ

ಕಮಲಾಪುರದ ಕೆಂಪು ನೌಕೆಯ ಯಜಮಾನರಾದ ಮಾವನವರಿಗೆ, ಜೇವರ್ಗಿ ಕಾಲೋನಿಯ ನೀಲಿ ನೌಕೆಯಿಂದ ಸೊಸೆ ಅಂಜನಾಳ ನಮಸ್ಕಾರ.

ನಿನ್ನೆ ಸಂಜೆಯ ಆಟದಲ್ಲಿ ಗೆದ್ದೆವಲ್ಲ, ಆ ಖುಷಿಯಲ್ಲಿ ಇವತ್ತು ಬೇಳೆಗೆ ಎರಡು ಸಲ ಉಪ್ಪು ಹಾಕಿದ್ದೇನೆ. ನಿಮ್ಮ ಮಗ ತುಟಿ ಪಿಟ್ಟೆನ್ನದೆ ತಿಂದರು. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮೆದುರು ನನ್ನ ನಾಲಿಗೆ ಏಳುವುದಿಲ್ಲ, ಅದಕ್ಕೇ ಈ ಪತ್ರ.

ಮದುವೆಯಾಗಿ ಎರಡು ವರ್ಷವಾದರೂ ನಾವಿಬ್ಬರೂ ಒಂದು ಮಾತನ್ನೂ ನೇರವಾಗಿ ಆಡಿರಲಿಲ್ಲ. ನೀವು ಪಡಸಾಲೆಗೆ ಬಂದರೆ ನಾನು ಸೆರಗು ಎಳೆದುಕೊಂಡು ಒಳಗೆ. ಚಹಾ ಬೇಕೆಂದು ನೀವು ಅತ್ತೆಗೆ ಹೇಳುವುದು, ಸಕ್ಕರೆ ಎಷ್ಟೆಂದು ನಾನು ಅತ್ತೆಯನ್ನು ಕೇಳುವುದು. ನೀವು ಒಳ್ಳೆಯವರೆಂದು ಗೊತ್ತಿತ್ತು. ಆದರೂ ನಿಮ್ಮ ಮನೆಯಲ್ಲಿ ನಾನು ಕೊನೆಯವರೆಗೂ ಬೀಗರ ಮಗಳಾಗಿಯೇ ಉಳಿಯುತ್ತೇನೇನೋ ಎಂಬ ಸಂಕಟ ಒಳಗೊಳಗೇ ಇತ್ತು.

ಡಾಕ್ಟರಿಗೆ ಹಲ್ಲು ತೋರಿಸಲು ನೀವು ಅತ್ತೆಯೊಡನೆ ಕಲಬುರಗಿಗೆ ಬಂದು ನಮ್ಮಲ್ಲಿ ಉಳಿದಾಗ ನಾನು ಗೆಳತಿ ಸನೋಬರ್ ಜೊತೆ ಕಂಪ್ಯೂಟರಿನಲ್ಲಿ ಅಂತರಿಕ್ಷ ಯುದ್ಧದ ಆಟ ಆಡುತ್ತಿದ್ದೆ. ಅವಳು ಜಗತ್ ಸರ್ಕಲ್ ಹತ್ತಿರದ ತನ್ನ ಮನೆಯಿಂದ, ನಾನು ಇಲ್ಲಿಂದ. ನಿಮ್ಮ ಸದ್ದು ಕೇಳಿ ಆರಿಸಲು ಕೈ ಹಾಕಿದೆ. ನೀವು ಊದಿದ ಕೆನ್ನೆ ಹಿಡಿದುಕೊಂಡೇ ಅತ್ತೆಗೆ ಹೇಳಿದಿರಿ: "ಬಂದ್ ಮಾಡಬ್ಯಾಡ ಅನ್ನು. ಆ ಕೆಂಪು ವಿಮಾನ ಯಾರದು, ಕೇಳು ಅಕೀಗ."

ಮುಂದಿನ ವಾರವೇ ನಮ್ಮ ಹಳೆಯ ಕಂಪ್ಯೂಟರು ಕಮಲಾಪುರದ ಬಸ್ಸು ಹತ್ತಿತು. ಅದನ್ನು ಜೋಡಿಸಿದ ದಿನ ನೆನೆದರೆ ಈಗಲೂ ನಗು ತಡೆಯಲಾಗುವುದಿಲ್ಲ. ಆಟದೊಳಗೆ ನಮ್ಮದೇ ಒಂದು ಕೋಣೆ ತೆರೆದು ಪಾಸ್‌ವರ್ಡ್ ಹಾಕಬೇಕೆಂದು ಅತ್ತೆಯ ಮೂಲಕ ಹೇಳಿಸಿದರೆ ನೀವು ಒಪ್ಪಲೇ ಇಲ್ಲ. "ದೀಪ ಹಚ್ಚೋ ಹೊತ್ತಿನ್ಯಾಗ ಬಾಗಲಾ ಹಾಕ್ಕೊಂಡು ಕುಂತ್ರ ಬಂದವ್ರು ಏನಂದಾರು?" ಬಂದವರು ಏನೂ ಅನ್ನಲಿಲ್ಲ, ನಮ್ಮ ಮೂರೂ ನೌಕೆಗಳನ್ನು ಸುಟ್ಟು ಹೋದರು. ನೀವು ಮಾತ್ರ ಮೈಕಿನಲ್ಲಿ ಅವರಿಗೆ, "ಯಾವೂರವ್ರೀ? ಊಟ ಆತೇನ್ರೀ?" ಎನ್ನುತ್ತಲೇ ಇದ್ದಿರಿ.

ಬಾಗಿಲು ಹಾಕುವುದನ್ನು ಕಲಿತ ಮೇಲೂ ಸೋಲು ತಪ್ಪಲಿಲ್ಲ. ನಿಮ್ಮ ಬೆನ್ನಿಗೆ ಆಟದ್ದೇ ಶತ್ರು ನೌಕೆ ಬಿದ್ದದ್ದು ನನಗೆ ಕಾಣುತ್ತಿತ್ತು. "ಅತ್ತೀ, ಎಡಕ್ಕ ಹೊಳ್ಳ್ರಿ ಅಂತ ಮಾವಾರಿಗೆ ಹೇಳ್ರೀ" ಎನ್ನುತ್ತಿದ್ದೆ. ಸ್ಪೀಕರಿನಲ್ಲಿ ನಿಮಗೇ ಸ್ಪಷ್ಟವಾಗಿ ಕೇಳುತ್ತಿತ್ತು. ಆದರೂ ಅತ್ತೆ ರೊಟ್ಟಿ ತಟ್ಟುವುದನ್ನು ಬಿಟ್ಟು ಬಂದು ಹೇಳುವವರೆಗೆ ನೀವು ಮರ್ಯಾದೆಯಿಂದ ಕಾಯುತ್ತಿದ್ದಿರಿ. ಅಷ್ಟರಲ್ಲಿ ಕೆಂಪು ನೌಕೆ ಬೂದಿ. ಸನೋಬರ್ ಹಣೆ ಹಣೆ ಚಚ್ಚಿಕೊಂಡು, "ಅರೇ, ನೀನೇ ಹೇಳಬಾರ್ದೇನ! ನಿನ್ನ ಬಾಯಿಗೇನಾಗ್ಯದ?" ಎಂದು ಬೈಯುತ್ತಿದ್ದಳು.

ನಿನ್ನೆ ಕೊನೆಯ ಸುತ್ತಿನಲ್ಲಿ ಸನೋಬರಳ ನೌಕೆ ಆಗಲೇ ಹೋಗಿತ್ತು, ನಿಮ್ಮ ಹಿಂದೆ ಎರಡು ಶತ್ರು ನೌಕೆ ಬಿದ್ದಿದ್ದವು. "ಅತ್ತೀ" ಎಂದೆ. ಅವರು ಪಕ್ಕದ ಖುರ್ಷೀದ್ ಬೇಗಂ ಮನೆಗೆ ಹೋಗಿದ್ದು ನನಗೇನು ಗೊತ್ತು! ಇನ್ನೊಮ್ಮೆ ಕೂಗಿದೆ. ಆಮೇಲೆ ನನಗೇನಾಯಿತೋ, "ಮಾವಾ, ಎಡಕ್ಕ ಹೊಳ್ಳು! ಹೊಳ್ಳಂದ್ರ ಹೊಳ್ಳು, ಏನ್ ನೋಡಾಕತ್ತಿ!" ಎಂದು ಕಿರುಚಿಬಿಟ್ಟೆ.

ನೀವು ಥಟ್ಟನೆ ತಿರುಗಿದಿರಿ. ಹಿಂದಿದ್ದ ಎರಡೂ ಒಂದಕ್ಕೊಂದು ಡಿಕ್ಕಿ ಹೊಡೆದು ಉರಿದುಹೋದವು. ಸನೋಬರ್ ಚಪ್ಪಾಳೆ ತಟ್ಟುತ್ತಿದ್ದಳು, ನಾನು ಬೆವರುತ್ತಿದ್ದೆ. ಮಾವನನ್ನು ಗದರಿಸಿದ ಸೊಸೆ ನಮ್ಮ ಕಡೆ ಇನ್ನೊಬ್ಬಳಿದ್ದಾಳೆಯೇ? ನಿಮ್ಮ ಕಡೆಯಿಂದ ಕುರ್ಚಿ ಸರಿದ ಸದ್ದಾಯಿತು. ಸಿಟ್ಟಾಗಿ ಎದ್ದು ಹೋದರು, ಇನ್ನು ಮುಗಿಯಿತು ಎಂದುಕೊಂಡೆ.

ಎದ್ದೇ ಹೋಗಿದ್ದಿರಿ, ಬಾಗಿಲಿಗೆ. ಅಲ್ಲಿ ನಿಂತು ಇಡೀ ಓಣಿಗೆ ಕೇಳುವಂತೆ ಅತ್ತೆಯನ್ನು ಕೂಗಿದಿರಿ: "ಏ ವಿಮಲಾ, ಲಗೂನ ಬಾ! ಮಗಳು ಇವತ್ತ ನನಗ ಬೈದಾಳ!"

ಮಗಳು ಅಂದಿರಿ, ಮಾವ. ಆಟ ಮುಗಿದರೂ ನಾನು ಕಿವಿಯ ಹೆಡ್‌ಫೋನ್ ತೆಗೆಯದೆ ಅಳುತ್ತ ನಗುತ್ತ ಕೂತಿದ್ದೆ. ಅತ್ತೆ ಬಂದದ್ದು, ನೀವು ಅದನ್ನೇ ಮತ್ತೆ ಮತ್ತೆ ಹೇಳಿದ್ದು, ಖುರ್ಷೀದ್ ಬೇಗಂ ನಕ್ಕಿದ್ದು ಎಲ್ಲವೂ ಕೇಳಿಸಿತು.

ಎದ್ದು ಹೋಗುವಾಗ ಮೈಕು ಆರಿಸಬೇಕೆಂದು ನಿಮಗೆ ನಾನಿನ್ನೂ ಹೇಳಿಕೊಟ್ಟಿಲ್ಲ. ಹೇಳಿಕೊಡುವುದೂ ಇಲ್ಲ.

ನಿಮ್ಮ ನೌಕೆಗೂ ಹಲ್ಲಿಗೂ ಯಾವ ಪೆಟ್ಟೂ ತಾಗದಿರಲಿ, ನಿಮ್ಮ ದನಿ ಹೀಗೇ ಓಣಿ ತುಂಬ ಕೇಳುತ್ತಿರಲಿ.

ನಿಮಗೆ ಬೈದ ಮಗಳು,
ಅಂಜನಾ