ಎಳ್ಳಿನ ವಾಸನೆಯ ಬುದ್ಧ

ಹೊಸ ಕುರೊಸೆ
1915, ಜನವರಿ 20

ಪ್ರೀತಿಯ ಇಸೊ ಅಕ್ಕನಿಗೆ,

ನಿಮ್ಮ ತಮ್ಮನ ಹೆಂಡತಿ ಸುವೆ ಮಾಡುವ ನಮಸ್ಕಾರಗಳು. ನಾವೆಲ್ಲ ಚೆನ್ನಾಗಿದ್ದೇವೆ. ಚಳಿಗೆ ಅತ್ತೆಯ ಮಂಡಿನೋವು ಸ್ವಲ್ಪ ಹೆಚ್ಚಿದೆ, ಬಾಯಿ ಮಾತ್ರ ಎಂದಿನಷ್ಟೇ ಚುರುಕಾಗಿದೆ. ನನ್ನ ಪುಟ್ಟ ಮಗಳು ಮಿಯೊ ನಡೆಯಲು ಕಲಿತು ಮನೆಯ ಬೂದಿಯನ್ನೆಲ್ಲ ಅಂಗಳಕ್ಕೆ ಎಳೆಯುತ್ತಾಳೆ.

ಮಾರ್ಚ್‌ನಲ್ಲಿ ಬಂದು ಮನೆಯ ಅಮಿದ ಬುದ್ಧನನ್ನು ನಮ್ಮಲ್ಲಿಗೆ ಕರೆದೊಯ್ಯುತ್ತೇನೆ, ಹುಲ್ಲು ಮಾಡಿನ ಕೆಳಗೆ ದೇವರನ್ನು ಕೂರಿಸುವುದು ಸರಿಯಲ್ಲ ಎಂದು ಬರೆದಿದ್ದೀರಿ. ಅದಕ್ಕೇ ಈ ಕಾಗದ. ಅಕ್ಕ, ಬುದ್ಧ ಇಲ್ಲಿಲ್ಲ. ಸುರಕ್ಷಿತವಾಗಿದ್ದಾನೆಂದು ಹೋದ ವರ್ಷ ನಾನು ಬರೆದದ್ದು ಸುಳ್ಳು. ಕೋಪ ಬಂದರೆ ಬರಲಿ, ಆದರೆ ಕಾಗದ ಮುಗಿಯುವ ತನಕ ತಡೆದುಕೊಳ್ಳಿ.

ಇದನ್ನು ಮೊದಲು ಕಥೆಯಾಗಿ ಹೇಳಿದವರು ನಿಮ್ಮ ತಾಯಿ. ಹೇಳಿದ್ದು ಈ ತಿಂಗಳ ಹನ್ನೆರಡರ ಸಂಜೆ, ನಮ್ಮ ಸಕುರಾಜಿಮ ದ್ವೀಪದ ಬೆಂಕಿಬೆಟ್ಟ ಸಿಡಿದು ಸರಿಯಾಗಿ ವರ್ಷ ತುಂಬಿದ ದಿನ. ಅವರು ಹೇಳಿದ್ದಕ್ಕೆ ಮುಂಚೆ ನಾನು ಮಾಡಿದ್ದನ್ನು ಹೇಳಬೇಕು.

ಹೋದ ವರ್ಷ ಬೆಟ್ಟ ಸಿಡಿದ ಆ ಮುಂಜಾನೆ ನೆಲ ಎರಡನೆಯ ದಿನವೂ ನಡುಗುತ್ತಿತ್ತು. ಬಾವಿಯ ನೀರು ಬೆಚ್ಚಗಾಗಿ ಕಟ್ಟೆಯವರೆಗೆ ಏರಿತ್ತು. ನಿಮ್ಮ ತಮ್ಮ ಮೊದಲ ದೋಣಿಯಲ್ಲಿ ರೋಗಿಗಳನ್ನು ಕೂರಿಸಿಕೊಂಡು ಆಚೆ ದಡಕ್ಕೆ ಹೋಗಿದ್ದರು. ಎರಡನೆಯದರಲ್ಲಿ ನಾನು ಅತ್ತೆಯನ್ನು ಕರೆತರಬೇಕೆಂದು ಮಾತಾಗಿತ್ತು. ಮಿಯೊಳನ್ನು ಬೆನ್ನಿಗೆ ಕಟ್ಟಿಕೊಂಡೆ. ಅಕ್ಕಿ, ಉಪ್ಪು, ಒಂದು ಬಾಣಲೆ, ಕೈಗೆ ಸಿಕ್ಕಿದ್ದನ್ನು ಬಟ್ಟೆಯಲ್ಲಿ ಗಂಟು ಹಾಕಿದೆ. ಎಳ್ಳು ಅರೆಯುವ ಮರದ ಕೋಲೂ ಹೇಗೋ ಅದರೊಳಗೆ ಸೇರಿತು.

ಮರಳಿನ ಮೇಲೆ ಬಂದ ಮೇಲೆ ಅತ್ತೆ ನಿಂತರು. ಬುದ್ಧ ಮನೆಯಲ್ಲೇ ಉಳಿದ ಎಂದರು.

ನಿಮಗೆ ಗೊತ್ತೇ ಇದೆ. ನಮ್ಮ ನಾಡಿನಲ್ಲಿ ಅಮಿದನ ಹೆಸರು ಹೇಳುವುದೇ ಅಪರಾಧವಾಗಿದ್ದ ಕಾಲದಲ್ಲಿ ನಿಮ್ಮ ಮುತ್ತಜ್ಜಿ ಗೇಣುದ್ದದ ಆ ಮೂರ್ತಿಯನ್ನು ಭತ್ತದ ಮೂಟೆಯಲ್ಲಿ ಬಚ್ಚಿಟ್ಟು ಮೂಟೆಗೇ ಕೈಮುಗಿಯುತ್ತಿದ್ದರಂತೆ. ಸಿಕ್ಕಿಬಿದ್ದಾಗ ತೊಡೆಯ ಮೇಲೆ ಕಲ್ಲು ಹೇರಿದರೂ ಬಾಯಿ ಬಿಡಲಿಲ್ಲವಂತೆ. ಆ ಕಾನೂನು ಹೋಗಿ ನಲವತ್ತು ವರ್ಷವಾಗುತ್ತ ಬಂದಿದೆ. ಊರವರೆಲ್ಲ ತಮ್ಮ ದೇವರನ್ನು ಹೊರಗೆ ತಂದು ಕೂರಿಸಿದರೂ ಕೆಲವು ಮನೆಗಳ ಮುದುಕರು ಮಾತ್ರ ಬಚ್ಚಿಡುವುದನ್ನು ಬಿಡಲಿಲ್ಲ. ಸರ್ಕಾರ ಇವತ್ತು ಬಿಟ್ಟಿದೆ, ನಾಳೆ ಹಿಡಿದೀತು ಎನ್ನುವುದು ಅತ್ತೆಯ ವಾದ. ತಿಂಗಳಿಗೊಂದು ಜಾಗ ಬದಲಿಸುತ್ತಿದ್ದರು, ಮಗನಿಗೂ ಹೇಳುತ್ತಿರಲಿಲ್ಲ. ಹಾಗಾಗಿ ತರಬೇಕೆಂದು ಮನಸ್ಸು ಮಾಡಿದ್ದರೂ ನನಗೆ ಸಿಗುತ್ತಿರಲಿಲ್ಲ.

ಮನೆ ಏರಿನ ಮೇಲೆ. ಅವರ ಕಾಲಿಗೆ ಹೋಗಿ ಬರಲು ಅರ್ಧ ಗಂಟೆ. ದೋಣಿಯಲ್ಲಿ ಹತ್ತೊಂಬತ್ತು ಜನ ಕೂತಿದ್ದರು, ಅಂಬಿಗ ಹಗ್ಗ ಬಿಚ್ಚುತ್ತಿದ್ದ. ನಾನು ಗಂಟಿನೊಳಗೆ ಕೈ ಹಾಕಿ ಆ ಕೋಲನ್ನು ಕೈವಸ್ತ್ರದಲ್ಲಿ ಸುತ್ತಿ ಮುಂದೆ ಹಿಡಿದೆ.

"ತಂದಿದ್ದೀನಿ ಅತ್ತೆ," ಎಂದೆ.

ಅವರು ಎರಡು ಕೈಯಲ್ಲೂ ತೆಗೆದುಕೊಂಡು ಬಟ್ಟೆಯ ಮೇಲಿಂದಲೇ ಸವರಿದರು.

"ಎಲ್ಲಿತ್ತು, ಹೇಳು?"

"ನೀವು ಇಟ್ಟಲ್ಲೇ ಇತ್ತು."

ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಕಿಮೊನೊದ ಅಂಚು ಎತ್ತಿ ದೋಣಿ ಹತ್ತಿದರು.

ನಾವು ನಡುನೀರಿನಲ್ಲಿದ್ದಾಗ ಹತ್ತು ಗಂಟೆಯ ಹೊತ್ತಿಗೆ ಬೆಟ್ಟದ ಪಕ್ಕೆ ಒಡೆಯಿತು. ಆ ಸದ್ದು ಹೇಗಿತ್ತೆಂದು ಬರೆಯಲು ನನಗೆ ಬಾರದು, ಕೂತ ಹಲಗೆಯ ಮೂಲಕ ಎಲುಬಿಗೆ ಕೇಳಿಸಿತು. ಬೆಟ್ಟ ಉಗುಳಿದ ಹಗುರ ಕಲ್ಲುಗಳು ನೀರಿನ ಮೇಲೆ ತೇಲುತ್ತಿದ್ದವು, ಹುಟ್ಟು ನೀರಿಗೆ ತಾಗದೆ ಕಲ್ಲಿಗೆ ತಾಗುತ್ತಿತ್ತು. ಮಿಯೊಳ ತಲೆಯ ಮೇಲೆ ಬಾಣಲೆ ಕವುಚಿ ಅವಳನ್ನು ಉಳಿಸಿಕೊಂಡೆ. ನಮ್ಮ ಮನೆ, ಕಿತ್ತಳೆ ತೋಟ, ಊರಿಗೆ ಊರೇ ಕರಗಿದ ಕಲ್ಲಿನ ಕೆಳಗೆ ಹೋಯಿತು.

ಆಮೇಲೆ ದೇವಸ್ಥಾನದ ಜಗಲಿಯಲ್ಲಿ ಎರಡು ತಿಂಗಳು, ಅನಂತರ ಸರ್ಕಾರ ಕೊಟ್ಟ ಈ ಗುಡ್ಡದ ನೆಲ. ಎಲ್ಲಿ ಹೋದರೂ ಅತ್ತೆ ಆ ಸುತ್ತಿದ ಬಟ್ಟೆಯನ್ನು ಎತ್ತರದಲ್ಲಿಟ್ಟು ಬೆಳಿಗ್ಗೆ ಮೊದಲ ಅನ್ನ ಇಡುತ್ತಿದ್ದರು. ಬಿಚ್ಚಲಿಲ್ಲ. ಇವತ್ತು ಬಿಚ್ಚುತ್ತಾರೆ, ನಾಳೆ ಬಿಚ್ಚುತ್ತಾರೆ ಎಂದು ನಾನು ವರ್ಷವಿಡೀ ಸೊರಗಿದೆ. ನಿಮ್ಮ ಕಾಗದ ಬಂದ ಮೇಲಂತೂ ಊಟ ಸೇರಲಿಲ್ಲ.

ಹನ್ನೆರಡರ ಸಂಜೆ ಊರಿನವರೆಲ್ಲ ದೊಡ್ಡ ಚಪ್ಪರದಲ್ಲಿ ಸೇರಿದ್ದೆವು. ಸುಟ್ಟ ಗೆಣಸು, ಗೆಣಸಿನದೇ ಸಾರಾಯಿ. ಒಬ್ಬೊಬ್ಬರೂ ತಾವು ಹೇಗೆ ಪಾರಾದೆವೆಂದು ಹೇಳಬೇಕೆಂದಾಯಿತು. ಅತ್ತೆ ಎರಡು ಬಟ್ಟಲು ಕುಡಿದು ಮೊದಲು ಎದ್ದರು. ಮರಳಿನ ಮೇಲೆ ನಿಂತದ್ದು, ನಾನು ಕೋಲು ಚಾಚಿದ್ದು ಎಲ್ಲವನ್ನೂ ನನ್ನ ದನಿಯನ್ನೇ ಅಣಕಿಸಿ ಹೇಳಿದರು.

"ಆ ತಿಂಗಳು ಬುದ್ಧ ಇದ್ದದ್ದು ಮೀನೆಣ್ಣೆ ಗಡಿಗೆ ಹಿಂದೆ," ಎಂದರು. "ಇವಳು ಕೊಟ್ಟದ್ದು ಎಳ್ಳಿನ ವಾಸನೆ ಹೊಡೀತಿತ್ತು. ನಲವತ್ತು ವರ್ಷ ಅಡುಗೆ ಮಾಡಿದ ಮೂಗು ಕಣ್ರೇ ಇದು."

ಜನ ಬಿದ್ದು ಬಿದ್ದು ನಕ್ಕರು. ಗೊತ್ತಿದ್ದೂ ಯಾಕೆ ದೋಣಿ ಹತ್ತಿದಿರಿ ಎಂದು ಯಾರೋ ಕೇಳಿದರು.

"ನಾನು ಮೇಲೆ ಹೋಗಿದ್ರೆ ಇವಳು ನನ್ನ ಬಿಟ್ಟು ಹೋಗ್ತಿದ್ಲಾ? ಮಗು ಕಟ್ಕೊಂಡೇ ಹಿಂದೆ ಬರ್ತಿದ್ಲು. ನಮ್ಮಜ್ಜಿ ಮೂವತ್ತು ವರ್ಷ ಭತ್ತದ ಮೂಟೆಗೆ ಕೈಮುಗಿದ್ಲು, ಅಮಿದನಿಗೆ ಅದು ಮುಟ್ಟಲಿಲ್ವಾ? ಕೋಲಿಗೆ ಮುಗಿದ್ರೂ ಮುಟ್ಟತ್ತೆ. ಆ ಮೂರ್ತಿ ಚಿಂತೆ ನಂಗಿಲ್ಲ. ಬೆಟ್ಟ ಅದರ ಮೇಲೆ ಕೂತಿದೆ, ಈಗ ಯಾವ ಅಧಿಕಾರಿ ಬಂದ್ರೂ ಸಿಗಲ್ಲ. ಇಷ್ಟು ಚೆನ್ನಾಗಿ ನಾನು ಯಾವತ್ತೂ ಬಚ್ಚಿಟ್ಟಿರಲಿಲ್ಲ."

ನಗು ಇನ್ನೂ ನಿಂತಿರಲಿಲ್ಲ, ಪಕ್ಕದ ಮನೆಯ ಟೊಮೆ ಎದ್ದಳು. ಅವಳ ಮಾವನೂ ಅವತ್ತು ತಾನು ಬಚ್ಚಿಟ್ಟ ಬುದ್ಧನನ್ನು ತರುತ್ತೇನೆಂದು ಏರು ಹತ್ತಿದವನು ಮರಳಲಿಲ್ಲ. ಆಮೇಲೆ ಅವಳು ಯಾರೊಂದಿಗೂ ನಾಲ್ಕು ಮಾತಾಡಿದ್ದನ್ನು ನಾವು ಕಂಡಿಲ್ಲ.

"ನಾನೂ ಹಿಂಗೆ ಒಂದು ಸುಳ್ಳು ಹೇಳಿದ್ದಿದ್ರೆ, ಮಾವ ದೋಣಿ ಹತ್ತುತ್ತಿದ್ರಾ ಅಜ್ಜಿ?"

ನಗುತ್ತಿದ್ದವರು ಬಟ್ಟಲು ಕೆಳಗಿಟ್ಟರು. ಅತ್ತೆ ತಡವರಿಸಲಿಲ್ಲ.

"ನಿಮ್ಮ ಮಾವ ನನ್ನ ಜೊತೇಲಿ ಆಡಿ ಬೆಳೆದವನು, ನಂಗೊತ್ತಿಲ್ವಾ? ಅಮಿದನೇ ದೋಣೀಲಿ ಕೂತು ಬಾರೋ ಅಂದಿದ್ರೂ, ಛತ್ರಿ ಮರೆತೆ ತಡಿ ಅಂತ ವಾಪಸ್ ಹೋಗೋ ಮೊಂಡ. ನಿನ್ನ ಸುಳ್ಳಿಗೆ ಬಗ್ಗೋ ಆಳಲ್ಲ ಅವನು. ಕೂತ್ಕೋ, ಗೆಣಸು ತಿನ್ನು."

ಟೊಮೆ ನಕ್ಕಳು ಅಕ್ಕ. ಒಂದು ವರ್ಷದಲ್ಲಿ ಮೊದಲ ಸಲ. ನಗುತ್ತಲೇ ಅತ್ತೆಯ ಮಡಿಲಿಗೆ ತಲೆಯಿಟ್ಟು ಬಹಳ ಹೊತ್ತು ಅತ್ತಳು. ಅತ್ತೆ ಅವಳ ಬೆನ್ನು ಸವರುತ್ತ ಮೂರನೆಯ ಬಟ್ಟಲು ಕೇಳಿದರು.

ಈಗ ನೀವು ಬನ್ನಿ. ಬೈಯುವುದಿದ್ದರೆ ಎದುರಿಗೇ ಕೂತು ಬೈಯಿರಿ, ನಾನು ಚಹಾ ಕಾಸುತ್ತೇನೆ. ಬರದೆ ಮಾತ್ರ ಇರಬೇಡಿ. ಮಗಳು ಬಂದಾಳೆಂದು ಅತ್ತೆ ಆಗಲೇ ಮೂಲಂಗಿ ಉಪ್ಪಿನಲ್ಲಿ ಹಾಕಿದ್ದಾರೆ.

ಅವತ್ತು ಕೇಳಿದವರು ಮರುದಿನ ಬೆಳಿಗ್ಗೆ ಏನು ಮಾಡಿದರೆಂದು ಹೇಳಿ ಮುಗಿಸುತ್ತೇನೆ. ಇಲ್ಲಿರುವ ಹದಿನಾಲ್ಕು ಮನೆಗಳಲ್ಲಿ ಏಳರಲ್ಲಿ ಹಳೆಯ ಕಾಲದ ಅತ್ತೆಯರಿದ್ದಾರೆ. ಹೊಲಕ್ಕೆ ಹೋಗುವ ಮುಂಚೆ ಏಳೂ ಜನ ತಮ್ಮ ಸೊಸೆಯರನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿಕೊಂಡು, ಯಾವ ಯಾವುದನ್ನು ಎಲ್ಲಿ ಬಚ್ಚಿಟ್ಟಿದ್ದೇವೆಂದು ಕೈಹಿಡಿದು ತೋರಿಸಿದರು.

ಇಂತು ನಿಮ್ಮ ತಂಗಿಯಂಥ,
ಸುವೆ

ಮರೆತದ್ದು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ನಾನು ಹಿಂದೆಯೇ ಬರುತ್ತಿದ್ದೆ ಎಂದು ಅತ್ತೆ ಊರೆದುರು ಹೇಳಿದರಲ್ಲ, ಅದು ನಿಜವಲ್ಲ. ಮುದುಕಿ ಮೇಲೆ ಹೊರಟರೆ ಕಾಯಬೇಡ, ನನ್ನನ್ನೂ ಮಗುವನ್ನೂ ಕರೆದುಕೊಂಡು ಹೊರಟುಬಿಡು ಎಂದು ಅಂಬಿಗನಿಗೆ ನಾನು ಆಗಲೇ ಪಿಸುಗುಟ್ಟಿದ್ದೆ. ಬೆನ್ನ ಮೇಲೆ ಮಿಯೊ ಇದ್ದಳು, ಇವತ್ತೂ ಹಾಗೇ ಮಾಡುತ್ತೇನೆ, ಪಶ್ಚಾತ್ತಾಪವಿಲ್ಲ. ಆದರೆ ನಾನು ಬಿಟ್ಟು ಹೋಗುವವಳಲ್ಲ ಎಂದು ನಂಬಿ ಅವರು ದೋಣಿ ಹತ್ತಿದರು. ಇದು ನಿಮಗೊಬ್ಬರಿಗೇ ಹೇಳಿದ್ದು. ಬಂದ ಮೇಲೆ ಅವರಿಗೆ ಹೇಳಬೇಕೋ ಬೇಡವೋ ನೀವೇ ಹೇಳಿ.