ಅವಳು ಕೈಮುಗಿದಿಲ್ಲ, ಹಗ್ಗ ಹಿಡಿದಿದ್ದಾಳೆ

ಹೊಳೆದಂಡೆಯ ಹಳೆಯ ಫೋಟೋಗಳ ಚಿತ್ರಶಾಲೆಯನ್ನು ನಡೆಸುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಗೋಡೆಯ ಮೇಲೆ ಮೊಣಕಾಲುಮಟ್ಟದ ನೀರಿನಲ್ಲಿ ನಿಂತಿರುವ ಹೆಂಗಸು ನನ್ನ ಅವ್ವ. ಹೆಸರು ದ್ಯಾವಮ್ಮ. ಅದರ ಕೆಳಗೆ ನೀವು ಅಂಟಿಸಿರುವ ಚೀಟಿಯಲ್ಲಿ "ಕಾವೇರಿ ಮಾತೆಗೆ ಕೈಮುಗಿಯುತ್ತಿರುವ ಕೊಡವ ಮಹಿಳೆ, ಹೆಸರು ತಿಳಿದಿಲ್ಲ" ಎಂದಿದೆ. ಒಂದೇ ಸಾಲಿನಲ್ಲಿ ಮೂರು ತಪ್ಪು ಮಾಡುವುದು ಸುಲಭವಲ್ಲ; ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನಿಂದಲೂ ಅದು ಆಗುತ್ತಿರಲಿಲ್ಲ. ಅವಳು ಕೊಡವರವಳಲ್ಲ, ಹಾಸನದ ಕಡೆಯಿಂದ ಬಂದು ಕುಶಾಲನಗರದ ಬಳಿ ನೆಲೆಸಿದ ಒಕ್ಕಲು ಮನೆಯವಳು. ಅವಳು ಕೈಮುಗಿದಿಲ್ಲ, ಹರಿಗೋಲಿನ ಹಗ್ಗ ಹಿಡಿದಿದ್ದಾಳೆ. ಇನ್ನು ಹೆಸರು ನಿಮಗೆ ತಿಳಿದಿಲ್ಲ ಅಷ್ಟೇ. ಹೊಳೆಯ ಎರಡೂ ದಡಕ್ಕೆ ತಿಳಿದಿತ್ತು.

ಹರಿಗೋಲು ಹತ್ತಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅದು ನೆಟ್ಟಗೆ ಹೋಗುವ ಜಾತಿಯದ್ದಲ್ಲ. ಬುಟ್ಟಿ, ತಿರುಗುವುದೇ ಅದರ ಗುಣ. ನಮ್ಮ ಅಪ್ಪ ತಿಮ್ಮಯ್ಯ ಹುಟ್ಟು ಹಾಕುತ್ತಿದ್ದ. ನಾವು ಜನರನ್ನು ದಾಟಿಸುತ್ತಿದ್ದ ಕಡವಿನ ದಡದ ಹತ್ತಿರ ಬಂಡೆಗಳು. ಭತ್ತದ ಮೂಟೆ, ಬಸುರಿಯರು, ಆಡು, ಮದುವೆಯ ದಿಬ್ಬಣ, ಏನೇ ಕೂತಿರಲಿ, ಬಂಡೆ ಬಂತೆಂದರೆ ಅವ್ವ ನೀರಿಗೆ ಇಳಿಯುವಳು. ಹಗ್ಗವನ್ನು ಎರಡೂ ಅಂಗೈಗೆ ಸುತ್ತಿ, ಕೈಗಳನ್ನು ಒಂದಕ್ಕೊಂದು ಒತ್ತಿ ಎದೆಗೆ ತಂದು, ಹಿಂದಕ್ಕೆ ವಾಲಿ ಎಳೆಯುವಳು. ಫೋಟೋ ತೆಗೆದ ಪುಣ್ಯಾತ್ಮ ಯಾವುದೋ ಎಸ್ಟೇಟಿಗೆ ಬಂದ ನೆಂಟ. ಹರಿಗೋಲನ್ನು ಚಿತ್ರದ ಹೊರಗೆ ಬಿಟ್ಟ. ನೀವು ಒಳಗೆ ದೇವರನ್ನು ತಂದು ಕೂರಿಸಿದಿರಿ. ಹೆಂಗಸೊಬ್ಬಳು ಎರಡು ಕೈ ಜೋಡಿಸಿದರೆ ಅದು ಪೂಜೆಯೇ ಆಗಿರಬೇಕೇ? ಕೆಲಸ ಎಂದರೆ ಅಂದ ಕೆಡುತ್ತದೆಯೇ?

ಸೀರೆ ನೋಡಿ ಕೊಡವರವಳು ಎಂದಿರಿ, ಅಲ್ಲವೇ? ಮುಂದೆ ನೆರಿಗೆಯಿಲ್ಲ, ಸೆರಗು ಬಲಭುಜದ ಮೇಲಿದೆ. ಅದನ್ನು ಕಲಿಸಿದವರು ಸಂತೆಗೆ ಹೋಗಲು ನಮ್ಮ ಹರಿಗೋಲು ಹತ್ತುತ್ತಿದ್ದ ಬೊಳ್ಳಮ್ಮನವರು. ಒಮ್ಮೆ ಅವ್ವನ ಮುಂದಿನ ನೆರಿಗೆಗೆ ನೀರು ತುಂಬಿ ಕಾಲು ತೊಡರಿದ್ದನ್ನು ಕಂಡು, "ಹೀಗೆ ಮುಂದೆ ಬಿಟ್ಕೊಂಡು ಇಳಿದ್ರೆ ಹೊಳೆ ನಿನ್ನ ಸೀರೆ ಸಮೇತ ಕೊಂಡೋಗ್ತದೆ ದ್ಯಾವೀ, ನಮ್ಮ ಹಾಗೆ ಹಿಂದೆ ಕಟ್ಟು" ಎಂದರು. ಮಾರನೆಯ ದಿನದಿಂದ ಅವ್ವ ಹಾಗೇ ಕಟ್ಟಿದಳು. ನಮ್ಮ ಕೇರಿಯವರು ಸುಮ್ಮನಿದ್ದಾರೆಯೇ? "ನೋಡ್ರವ್ವ, ದ್ಯಾವಿ ಕೊಡಗ್ರೋಳಾಗ್ಬುಟ್ಲು, ಇನ್ನು ನಮ್ಮನೆ ಮುದ್ದೆ ಸೇರಕಿಲ್ಲ" ಎಂದರು. "ಮುದ್ದೆ ಸೇರ್ತದೆ ಕಣವ್ವ, ಹೊಳೆ ನೀರು ಸೇರಕಿಲ್ಲ" ಎಂದಳು ಅವ್ವ. ಕೇರಿಯವರು ಆಡಿಕೊಂಡದ್ದನ್ನು ನೀವು ಅಚ್ಚು ಹಾಕಿಸಿದ್ದೀರಿ.

ಕಳೆದ ತಿಂಗಳು ಮೊಮ್ಮಗಳು ರಂಜಿತಾ ಜೊತೆ ಬಂದು ಇದನ್ನೆಲ್ಲ ಬಾಗಿಲಲ್ಲಿ ಕೂರುವ ನಿಮ್ಮ ಸತೀಶನಿಗೆ ಹೇಳಿದೆ. ಕೈಯ ಕೆಳಗಿನ ಕಪ್ಪು ಗೆರೆ ತೋರಿಸಿ, ಅದೇ ಹಗ್ಗ ಎಂದೆ. "ಫೋಟೋ ಹಳೇದಲ್ವಾ ಅಜ್ಜೀ, ಗೀರು ಬಿದ್ದದೆ" ಎಂದ. ಅಂಗೈಗೆ ಸುತ್ತಿದ ಬಟ್ಟೆ ತೋರಿಸಿದೆ. "ಅದು ಪೂಜೆ ಕಂಕಣ" ಎಂದ. ಹಗ್ಗ ಉಜ್ಜಿ ಚರ್ಮ ಕಿತ್ತುಬಂದ ಕೈಗೆ ಕಟ್ಟಿದ ಹರಕು ಸೀರೆಯಂಚು ಸ್ವಾಮಿ ಅದು! ದಿನಾ ಬೆಳಿಗ್ಗೆ ಕಟ್ಟುತ್ತಿದ್ದವಳು ನಾನು. ಗಂಟು ಅಂಗೈಗೆ ಬಂದರೆ ಒತ್ತುತ್ತದೆಂದು ಕೈಯ ಹಿಂಬದಿಗೆ ಹಾಕಿ, ತುದಿಯನ್ನು ಒಳಗೆ ಸಿಕ್ಕಿಸುತ್ತಿದ್ದೆ. ಚಿತ್ರದಲ್ಲಿ ಹಾಗೇ ಇದೆ. ಆಗ ನನಗೆ ಒಂಬತ್ತು ವರ್ಷ.

ಆಮೇಲೆ ನಿಮ್ಮ ಕೋಣೆಗೆ ಕಳಿಸಿದ. ತಾವು ಮೊಬೈಲಿನಿಂದ ತಲೆ ಎತ್ತಿ, "ನಿಮ್ಮ ತಾಯಿಯ ಇನ್ನೊಂದು ಫೋಟೋ ತನ್ನಿ, ಹೋಲಿಸಿ ನೋಡೋಣ. ಇಲ್ಲಾಂದ್ರೆ ಕಂಡವರು ಯಾರಾದ್ರೂ ಇದ್ರೆ ಕರ್ಕೊಂಡು ಬನ್ನಿ" ಎಂದಿರಿ. ಇನ್ನೊಂದು ಫೋಟೋ ಇದ್ದಿದ್ದರೆ ನಾನು ನಿಮ್ಮ ಗೋಡೆಯ ಮುಂದೆ ಯಾಕೆ ನಿಲ್ಲುತ್ತಿದ್ದೆ? ಕಂಡವರನ್ನು ಹುಡುಕಿಕೊಂಡು ಬೊಳ್ಳಮ್ಮನವರು ಆಮೇಲೆ ಹೋಗಿ ನೆಲೆಸಿದ್ದ ಮನೆಗೆಂದು ಅಮ್ಮತ್ತಿಯವರೆಗೆ ಬಸ್ಸಿನಲ್ಲಿ ಹೋದೆ. ಅವರು ತೀರಿಹೋಗಿ ಎರಡು ವರ್ಷವಾಯಿತಂತೆ. ಅವರ ಸೊಸೆ ಕಾಫಿ ಕೊಟ್ಟು, "ಯಾವ ಹರಿಗೋಲು?" ಎಂದರು. ತಪ್ಪು ಅವರದಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಒಬ್ಬೊಬ್ಬರನ್ನೇ ನೆನೆದೆ. ಅವ್ವನನ್ನು ಕಣ್ಣಾರೆ ಕಂಡವರಲ್ಲಿ ಉಸಿರಾಡುತ್ತಿರುವವಳು ನಾನೊಬ್ಬಳೇ.

ಒಂದು ಮಾತು ಒಪ್ಪಿಕೊಳ್ಳುತ್ತೇನೆ, ಇಷ್ಟು ವರ್ಷ ಯಾರಿಗೂ ಹೇಳದ್ದು. ನನಗೆ ಹನ್ನೊಂದು ತುಂಬುವ ಮೊದಲೇ ಅವ್ವ ಚಳಿಜ್ವರದಲ್ಲಿ ಹೋದಳು. ಅವಳ ಮುಖ ನನಗೆ ಯಾವಾಗ ಮರೆತುಹೋಯಿತೋ ಗೊತ್ತಿಲ್ಲ. ಒಂದು ದಿನ ಹುಡುಕಿದೆ, ಇರಲಿಲ್ಲ. ನಿಮ್ಮ ಗೋಡೆಯ ಮೇಲೂ ನಾನು ಗುರುತಿಸಿದ್ದು ಮುಖವನ್ನಲ್ಲ, ನನ್ನದೇ ಗಂಟನ್ನು. ಮುಖ ನೋಡಿದೆ. ಯಾರೋ ಚಿಕ್ಕ ಪ್ರಾಯದ ಹೆಂಗಸು, ದಾರಿಯಲ್ಲಿ ಎದುರಾದರೆ ಪಕ್ಕಕ್ಕೆ ಸರಿದು ಹೋಗಿಬಿಡುತ್ತಿದ್ದೆ. ಇನ್ನೂ ನೋಡಬೇಕೆನ್ನುವಷ್ಟರಲ್ಲಿ "ಅಜ್ಜೀ, ಸ್ವಲ್ಪ ಮುಂದೆ ಹೋಗಿ, ಸ್ಕೂಲ್ ಮಕ್ಕಳು ಬರ್ತಾ ಇದ್ದಾರೆ" ಎಂದ ಸತೀಶ. ಹೋದೆ.

ಈಗ ನನ್ನ ಬೇಡಿಕೆ. ಚೀಟಿ ಕಿತ್ತು, "ದ್ಯಾವಮ್ಮ, ಹರಿಗೋಲು ಎಳೆಯುತ್ತಿದ್ದವಳು" ಎಂದು ಬರೆಸಿ. ಪಕ್ಕದ ಗೋಡೆಯಲ್ಲಿ ಬಿದಿರಿನ ತೆಪ್ಪ ಕಟ್ಟುತ್ತಿರುವವನ ಹೆಸರು ಮಾರಿ. ಅವನನ್ನೂ "ಕೂಲಿಯಾಳು" ಎಂದಿದ್ದೀರಿ. ಹಾಗೆ ಇನ್ನೂ ಏಳೆಂಟು ಜನರಿದ್ದಾರೆ, ಎಲ್ಲರ ಹೆಸರೂ ನನ್ನ ಬಾಯಲ್ಲಿದೆ. ಪೆನ್ನು ಹಿಡಿದವರೊಬ್ಬರನ್ನು ಕೂರಿಸಿ, ಹೇಳುತ್ತೇನೆ. ತಡ ಮಾಡಬೇಡಿ, ನಿಮ್ಮ ಕಡತಕ್ಕಿರುವಷ್ಟು ಆಯುಸ್ಸು ನನಗಿಲ್ಲ.

ಮತ್ತೆ, ಅವ್ವನ ಚಿತ್ರದ ಎದುರು ಒಂದು ಕುರ್ಚಿ ಹಾಕಿಸಿಕೊಡಿ. ಅರ್ಧ ದಿನ ಸಾಕು. ಯಾರೂ ಎಬ್ಬಿಸಬಾರದು. ನಾನು ಆ ಮುಖವನ್ನು ಕಲಿತುಕೊಳ್ಳಬೇಕು.

ಇಂತಿ,
ತನ್ನ ಅವ್ವನಿಗಿಂತ ನಲವತ್ತೈದು ವರ್ಷ ದೊಡ್ಡವಳಾಗಿಬಿಟ್ಟ ಮಗಳು,
ಲಿಂಗಮ್ಮ