ಟವಲಿನ ಕೆಳಗಿನ ಹುಣಸೆ ದರ

ಕೃಷಿ ಮಾರುಕಟ್ಟೆ ಸಮಿತಿಯ ಮಾನ್ಯ ಕಾರ್ಯದರ್ಶಿಗಳೇ,

ನನ್ನ ಅತ್ತೆ ಚಿಕ್ಕಲಕ್ಷ್ಮಮ್ಮನವರಿಗೆ ನಿಮ್ಮ ಕಚೇರಿಯಿಂದ ನೋಟಿಸ್ ಬಂದಿದೆ. ದಲ್ಲಾಳಿಯೊಬ್ಬರ ಕೈಮೇಲಿದ್ದ ಟವಲನ್ನು ಎಳೆದು ‘ಮಾರುಕಟ್ಟೆಯ ವಾಡಿಕೆಗೆ ಅಡ್ಡಿಪಡಿಸಿ, ವರ್ತಕರಿಗೆ ಮುಜುಗರ ಉಂಟುಮಾಡಿದ್ದಾರೆ’ ಎಂಬುದು ಆರೋಪ. ಎಳೆದದ್ದು ನಿಜ. ಏಳು ದಿನದೊಳಗೆ ಸಮಜಾಯಿಷಿ ಕೊಡಬೇಕಂತೆ. ಅತ್ತೆಗೆ ಓದುಬರಹ ಬಾರದು. ಹಾಗಾಗಿ ಸೊಸೆಯಾದ ನಾನು ಬರೆಯುತ್ತಿದ್ದೇನೆ, ಅದೂ ನಾಲ್ಕು ಜನ ಓದಲೆಂದು ಪತ್ರಿಕೆಗೆ ಕೊಟ್ಟು.

ಗೊತ್ತಿಲ್ಲದವರಿಗಾಗಿ ಆ ವಾಡಿಕೆ ಏನೆಂದು ಹೇಳಿಬಿಡುತ್ತೇನೆ. ನಿಮ್ಮ ಪ್ರಾಂಗಣದಲ್ಲಿ ಹುಣಸೆಹಣ್ಣಿನ ದರವನ್ನು ಬಾಯಲ್ಲಿ ಹೇಳುವುದಿಲ್ಲ. ದಲ್ಲಾಳಿಯೂ ಕೊಳ್ಳುವವರೂ ಕೈಕೈ ಹಿಡಿದು, ಮೇಲೊಂದು ಟವಲ್ ಹೊದಿಸಿ, ಬೆರಳು ಒತ್ತಿ ದರ ಕುದುರಿಸುತ್ತಾರೆ. ಹಣ್ಣು ತಂದವರು ಎದುರಿಗೇ ನಿಂತು ಟವಲಿನ ಅಲುಗಾಟ ನೋಡುತ್ತಾರೆ. ಹಿಂದಿನ ಗೋಡೆಯ ಮೇಲೆ ‘ಬಹಿರಂಗ ಹರಾಜು ಕಟ್ಟೆ’ ಎಂದು ನೀವೇ ಬರೆಸಿದ್ದೀರಿ. ಬಣ್ಣ ಚೆನ್ನಾಗಿದೆ ಸ್ವಾಮಿ.

ಮಾರ್ಚ್ ಮೊದಲ ವಾರ ಮಿಡಿಗೇಶಿಯಿಂದ ನಾವು ಎಂಟು ಮೂಟೆ ತಂದೆವು. ನಾನೂ ಅತ್ತೆಯೂ ತಿಂಗಳುಗಟ್ಟಲೆ ಕೂತು ಬೀಜ, ನಾರು ತೆಗೆದ ಹಣ್ಣು. ಟವಲ್ ಅಲುಗಾಡಿತು. ದಲ್ಲಾಳಿ ಬಂದು ಕಿಲೋಗೆ ನೂರಾ ಹತ್ತು ಎಂದರು. ಕೊಂಡವರು ಎಷ್ಟು ಹೇಳಿದರು ಎಂದು ಕೇಳಿದೆ.

“ನಂಬ್ಕೆ ಮೇಲೆ ನಡೆಯೋ ವ್ಯಾಪಾರ ಕಣಮ್ಮ ಇದು. ಅಂಗೆಲ್ಲಾ ಕೇಳ್ಬಾರ್ದು.”

ನಂಬಿದೆವು. ಕಮಿಷನ್ ಬೇರೆ ಕೊಟ್ಟು ನಂಬಿದೆವು.

ಮನೆಗೆ ಬಂದರೆ ಅತ್ತೆಯ ಮೂಗುಬೊಟ್ಟು ಇಲ್ಲ. ಅವರ ತಾಯಿ ಕೊಟ್ಟದ್ದು. ಅಂಗಳ ಗುಡಿಸಿ, ಬೀಜದ ರಾಶಿ ಜರಡಿ ಹಿಡಿದದ್ದಾಯಿತು. ಮೂರನೆಯ ದಿನ ಶಿರಾದಿಂದ ಫೋನ್. ಖಾಲಿ ಚೀಲ ವಾಪಸಾಗಲೆಂದು ನಾವು ಮೂಟೆಗಳ ಮೇಲೆ ನಂಬರ್ ಬರೆದಿರುತ್ತೇವೆ. ಹಣ್ಣು ಕೊಂಡ ಜಾವೀದ್ ಅವರ ತಾಯಿ ಅಮೀರ್ ಬಿ ಮಾತಾಡಿದರು: “ನಿಮ್ ಹಣ್ಣಲ್ಲಿ ಮೂಗ್ಬೊಟ್ಟು ಸಿಕ್ಕೈತೆ ಬೇಟಿ. ಯಾರೋ ಅಳ್ತಾ ಕೂತಿರ್ತಾರೆ, ಬಂದು ತಗೊಂಡೋಗಿ.”

ಅತ್ತೆಯನ್ನು ಕರೆದುಕೊಂಡು ಬಸ್ಸು ಹತ್ತಿದೆ. ಅಮೀರ್ ಬಿ ತಾವೇ ಅತ್ತೆಯ ಮೂಗಿಗೆ ಬೊಟ್ಟು ಹಾಕಿ ತಿರುಪು ಬಿಗಿದರು. ಟೀ ಕೊಟ್ಟು, “ಹಣ್ಣು ಚೆನ್ನಾಗೈತೆ. ಆದ್ರೆ ಕಿಲೋಗೆ ನೂರಾ ನಲವತ್ತು ಅಂದ್ರೆ ಜಾಸ್ತಿ ಆಯ್ತಮ್ಮ,” ಎಂದರು.

ಅತ್ತೆ ಲೋಟ ಕೆಳಗಿಟ್ಟರು. “ಯಾರು ತಾಯಿ ನೂರಾ ನಲವತ್ತು ಅಂದೋರು? ನಮ್ಗೆ ಕೊಟ್ಟಿದ್ದು ನೂರಾ ಹತ್ತು.”

ಜಾವೀದ್ ಒಳಗಿನಿಂದ ದಲ್ಲಾಳಿ ಕೊಟ್ಟಿದ್ದ ಚೀಟಿ ತಂದರು. ನನ್ನದನ್ನು ಪಕ್ಕದಲ್ಲಿಟ್ಟೆ. ಅದೇ ದಿನ, ಅದೇ ಎಂಟು ಮೂಟೆ. ನಾವು ಅವರನ್ನು ಜುಗ್ಗರೆಂದುಕೊಂಡಿದ್ದೆವು, ಅವರು ನಮ್ಮನ್ನು ದುರಾಸೆಯವರೆಂದುಕೊಂಡಿದ್ದರು. ಎರಡೂ ಕಡೆಯವರಿಗೆ ನಾಚಿಕೆಯಾಗಿತ್ತು, ಆಗಬೇಕಾದವರು ಮಾತ್ರ ಅಲ್ಲಿರಲಿಲ್ಲ.

ಎರಡೂ ಚೀಟಿ ತಂದು ನಿಮ್ಮ ಮೇಜಿನ ಮೇಲಿಟ್ಟೆವು. “ಇದರಲ್ಲಿ ಯಾರ ಸಹಿಯೂ ಇಲ್ಲವಲ್ಲ” ಎಂದು ತಳ್ಳಿದಿರಿ. ಸಹಿಯಿಲ್ಲದ ಚೀಟಿ ಹಂಚುವುದು ನಿಮ್ಮ ಪ್ರಾಂಗಣದಲ್ಲೇ ಅಲ್ಲವೇ?

ಮುಂದಿನ ಸಂತೆಗೆ ಆರು ಮೂಟೆ ತಂದೆವು. ಅದೇ ದಲ್ಲಾಳಿ, ಎದುರಿಗೆ ಜಾವೀದ್. ಕೈಗಳ ಮೇಲೆ ಟವಲ್ ಹರಡಿತು. ಅತ್ತೆ ಮೆಲ್ಲಗೆ ಹೋಗಿ ಎಳೆದುಬಿಟ್ಟರು.

“ಬಿಸ್ಲು ಇಂಗೈತೆ, ಕೈಗ್ಯಾಕಪ್ಪ ಹೊದಿಕೆ? ಬಾಯಲ್ಲೇ ಹೇಳ್ಬುಡು.”

ಜಾವೀದ್ ನಕ್ಕು, ಎಲ್ಲರಿಗೂ ಕೇಳುವಂತೆ “ನೂರಾ ಇಪ್ಪತ್ತೈದು” ಎಂದರು. ಒಪ್ಪಿದೆವು. ಅವರಿಗೆ ಹದಿನೈದು ಉಳಿಯಿತು, ನಮಗೆ ಹದಿನೈದು ಹೆಚ್ಚು ಸಿಕ್ಕಿತು. ಪಕ್ಕದ ರಾಶಿಯವರೂ ಬಾಯಲ್ಲೇ ಹೇಳಿ ಎಂದು ಪಟ್ಟು ಹಿಡಿದರು. ಎರಡೇ ದಿನಕ್ಕೆ ನೋಟಿಸ್. ನಮ್ಮ ದೂರು ನಿಮ್ಮ ಕಚೇರಿಯಲ್ಲಿ ಇಷ್ಟು ವೇಗವಾಗಿ ಓಡಿದ್ದನ್ನು ನಾವು ಕಂಡಿಲ್ಲ.

ದಲ್ಲಾಳಿಯೇ ಬೇಡವೆಂದು ನಾವು ಹೇಳುತ್ತಿಲ್ಲ. ಗಿರಾಕಿ ಹುಡುಕಿಕೊಟ್ಟದ್ದಕ್ಕೆ ಕಮಿಷನ್ ಸಲ್ಲಲಿ. ಆದರೆ ದರ ಜನರ ಕಿವಿಗೆ ಬಿದ್ದರೆ ಮುಜುಗರವಾಗುವುದಾದರೆ, ಅದುವರೆಗೆ ಅವರು ಹೇಳುತ್ತಿದ್ದದ್ದು ಯಾವ ದರ? ಅವರಿಗೇಕೆ ಸಮಜಾಯಿಷಿ ಕೇಳಲಿಲ್ಲ?

ಆದ್ದರಿಂದ ನೋಟಿಸ್ ಹಿಂಪಡೆಯಿರಿ. ಪ್ರತಿ ರಾಶಿಯ ದರವನ್ನು ಕೂಗಿ ಹೇಳಿಸಿ. ಮಾರಿದವರು, ಕೊಂಡವರು, ದಲ್ಲಾಳಿ ಮೂವರೂ ಒಂದೇ ಚೀಟಿಗೆ ಸಹಿ ಹಾಕಿ, ಮೂವರಿಗೂ ಅದರ ಪ್ರತಿ ಸಿಗಲಿ. ಬರುವ ಸೋಮವಾರ ನಾವು ಕೊನೆಯ ಹತ್ತು ಮೂಟೆ ತರುತ್ತಿದ್ದೇವೆ. ದರ ಕೂಗಲು ಸಿಬ್ಬಂದಿ ಇಲ್ಲವೆಂಬ ಚಿಂತೆ ಬೇಡ. ಅತ್ತೆ ಸಿದ್ಧರಿದ್ದಾರೆ, ಹೊಲದಲ್ಲಿ ನಿಂತು ಕರೆದರೆ ಬೆಟ್ಟದ ಮೇಲಿನ ಕುರಿಗಳೂ ತಿರುಗಿ ನೋಡುವಂಥ ಗಂಟಲು ಅವರದು.

ಇಂತಿ,
ಕಿಲೋಗೆ ಮೂವತ್ತು ರೂಪಾಯಿ ಫೀಜು ತೆತ್ತು ವ್ಯಾಪಾರ ಕಲಿತ
ವನಜಾಕ್ಷಿ, ಮಿಡಿಗೇಶಿ